ವರ್ಷಪೂರ್ತಿ ಸೀನು, ಟೆಸ್ಟ್ ಎಲ್ಲಾ ನೆಗೆಟಿವ್, ಏನ್ ಮಾಡೋದು?

ಸೀನಪ್ಪ_ಬೆಂಗ್ಳೂರು:
ಮೂರು ವರ್ಷದಿಂದ ಇದೇ ಗೋಳು. ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಡೋದೇ ತಡ ಹತ್ತು ಹದಿನೈದು ಸೀನು, ಮೂಗಲ್ಲಿ ನೀರು, ಕಣ್ಣು ಕೆರೆತ, ಮಳೆಗಾಲ ಬೇಸಿಗೆ ಅಂತ ಭೇದವೇ ಇಲ್ಲ. ಸ್ಕಿನ್ ಪ್ರಿಕ್ ಟೆಸ್ಟ್ (ಚರ್ಮಕ್ಕೆ ಸಣ್ಣಗೆ ಚುಚ್ಚಿ ಯಾವುದಕ್ಕೆ ಅಲರ್ಜಿ ಅಂತ ನೋಡೋದು) ಮಾಡಿಸ್ದೆ, ಧೂಳು, ಪಾರ್ಥೇನಿಯಂ, ಜಿರಳೆ ಎಲ್ಲಾ ನೆಗೆಟಿವ್. ಅಲರ್ಜಿ ಮಾತ್ರೆ ಸಿಟ್ರಿಜಿನ್ ನುಂಗಿದ್ರೆ ಮೀಟಿಂಗಲ್ಲಿ ತೂಕಡಿಕೆ. ಅತ್ತೆ "ನಿಮಗೆ ಬೆಂಗ್ಳೂರು ಹವಾ ಆಗ್ಬರಲ್ಲ" ಅಂತಾರೆ, ಊರಿಗೆ ಹೋದ್ರೂ ಅಷ್ಟೇ. ಯಾರಿಗಾದ್ರೂ ಹಿಂಗಾಗಿದ್ಯಾ?

ಕಾಫಿ_ಕುಡುಕ:
ಟೆಸ್ಟ್‌ಗೆ ಮುಂಚೆ ಸಿಟ್ರಿಜಿನ್ ನಿಲ್ಸಿದ್ರಾ? ಸುಮಾರು ಒಂದು ವಾರ ಬಿಟ್ಟಿರ್ಬೇಕು ಗುರು, ಇಲ್ಲಾಂದ್ರೆ ಚರ್ಮ ಉಬ್ಬೋದೇ ಇಲ್ಲ, ಸುಳ್ಳು ನೆಗೆಟಿವ್ ಬರತ್ತೆ. ನಂದೂ ಹಾಗೇ ಆಗಿ ದುಡ್ಡು ದಂಡ. ಎರಡನೇ ಸಲ ಡಸ್ಟ್ ಮೈಟ್ (ಹಾಸಿಗೆ ಧೂಳಲ್ಲಿರೋ ಕಣ್ಣಿಗೆ ಕಾಣದ ಹುಳ) ಹಾಕಿದ ಜಾಗ ಸೊಳ್ಳೆ ಕಚ್ಚಿದಂಗೆ ದಪ್ಪಗೆ ಊದ್ಕೊಳ್ತು. ಆಮೇಲೆ ಹಾಸಿಗೆ ದಿಂಬಿಗೆ ಜಿಪ್ ಕವರ್, ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಬೆಡ್‌ಶೀಟ್ ಒಗೆಯೋದು, ಅಜ್ಜಿ ಕಾಲದ ಹತ್ತಿ ಹಾಸಿಗೆ ಆಚೆ (ಅಮ್ಮ ಇನ್ನೂ ಮಾತಾಡ್ಸ್ತಿಲ್ಲ).

ಮಲ್ನಾಡ್_ಹುಡ್ಗಿ:
ಅಲರ್ಜಿನೇ ಅಲ್ದೆ ಇರ್ಬೋದು. ನಂಗೆ ಮೆಣಸಿನಕಾಯಿ ಒಗ್ಗರಣೆ ಘಾಟು, ಊದುಬತ್ತಿ, ಎಸಿ ಗಾಳಿ ಇಷ್ಟು ಸಾಕು ಮೂಗು ನಲ್ಲಿ ಬಿಟ್ಟಂಗೆ, ಇಎನ್‌ಟಿ ಡಾಕ್ಟ್ರು ನಾನ್ ಅಲರ್ಜಿಕ್ ರೈನೈಟಿಸ್, ಅಂದ್ರೆ ಅಲರ್ಜಿ ಇಲ್ದೇನೇ ಮೂಗು ಕೆರಳೋದು ಅಂದ್ರು. ಮೂಗಿಗೆ ಹೊಡೆಯೋ ಸ್ಟೀರಾಯ್ಡ್ ಸ್ಪ್ರೇ ಕೊಟ್ರೆ ಎರಡು ದಿನಕ್ಕೆ ಬಿಡ್ಬೇಡಿ, ಪೂರ್ತಿ ಕೆಲ್ಸ ಮಾಡೋಕೆ ಒಂದೆರಡು ವಾರ ಬೇಕು. ಮೂಗು ತೊಳೆಯೋದಾದ್ರೆ ಕುದಿಸಿ ಆರಿಸಿದ ನೀರೇ, ನಲ್ಲಿ ನೀರು ಬೇಡ.

ದಾರಿಹೋಕ:
ಮೆಡಿಕಲ್ ಶಾಪಲ್ಲಿ ಸಿಗೋ ಮೂಗು ಬಿಡಿಸೋ ಡ್ರಾಪ್ಸ್ ಮಾತ್ರ ದಿನಾ ಹಾಕ್ಬೇಡಿ, ಅದು ಅಭ್ಯಾಸ ಆದ್ರೆ ಇನ್ನೂ ಜಾಸ್ತಿ ಕಟ್ಟತ್ತೆ.

ಸೀನಪ್ಪ_ಬೆಂಗ್ಳೂರು:
ಅಯ್ಯೋ, ಟೆಸ್ಟ್ ಹಿಂದಿನ ರಾತ್ರೀನೂ ಮಾತ್ರೆ ನುಂಗಿದ್ದೆ, ಯಾರೂ ಹೇಳ್ಲೇ ಇಲ್ವಲ್ರೀ!