ತೈಲ ಸೋರಿಕೆಯ ದಂಡ ಕರಾವಳಿಗೇ ಸೇರಬೇಕೆಂಬ ಕಾಯ್ದೆ: ಮೀನುಗಾರರಿಗೆ ದಕ್ಕಿದ್ದೇನು?

ಪ್ರಶ್ನೆ (ಪಡುಗಡಲು)

2022ರ ಜೂನ್‌ನಲ್ಲಿ ಉಳ್ಳಾಲದ ಸಮೀಪ ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗು ಮುಳುಗಿದಾಗ, ಅದರ ಇಂಧನ ಸೋರಿದರೆ ನಷ್ಟ ಕಟ್ಟಿಕೊಡುವವರು ಯಾರು ಎಂಬ ಮಾತು ನಮ್ಮ ಕಡೆಯ ದೋಣಿಯವರ ನಡುವೆ ಬಹಳ ದಿನ ನಡೆಯಿತು. ಆಗಿನಿಂದ ನಾನು ಬೇರೆ ದೇಶಗಳ ಕಾನೂನುಗಳನ್ನು ಬಿಡುವಾದಾಗಲೆಲ್ಲ ಓದುತ್ತಿದ್ದೇನೆ. ಮೆಕ್ಸಿಕೋ ಕೊಲ್ಲಿಯಲ್ಲಿ 2010ರ ಏಪ್ರಿಲ್ 20ರಂದು ‘ಡೀಪ್‌ವಾಟರ್ ಹೊರೈಜನ್’ ಕೊರೆಯುವ ನೌಕೆ ಸ್ಫೋಟಗೊಂಡು 11 ಕಾರ್ಮಿಕರು ತೀರಿಕೊಂಡರು. ಬಾವಿಯ ಬಾಯಿ ಮುಚ್ಚುವ ತನಕ 87 ದಿನ ತೈಲ ಹರಿಯಿತು. ಇದಾಗಿ ಎರಡು ವರ್ಷಕ್ಕೆ ಅಮೆರಿಕದಲ್ಲಿ ‘ರಿಸ್ಟೋರ್’ ಎಂಬ ಕಾಯ್ದೆ ಬಂದಿತು. ತಪ್ಪು ಮಾಡಿದ ಕಂಪನಿಯಿಂದ ಹಣ ವಸೂಲಿ ಮಾಡಲು ಮೊದಲೇ ಕಾನೂನು ಇದ್ದಿತಲ್ಲವೇ? ಹಾಗಿದ್ದ ಮೇಲೆ ಇನ್ನೊಂದು ಏಕೆ ಬೇಕಾಯಿತು? ಅದಿಲ್ಲದಿದ್ದರೆ ದಂಡವೆಲ್ಲ ಕೇಂದ್ರದ ಬೊಕ್ಕಸಕ್ಕೆ ಹೋಗುತ್ತಿತ್ತು ಎಂದು ಕೆಲವರು ಹೇಳುತ್ತಾರೆ, ಅದು ನಿಜವೇ? ಮೀನುಗಾರಿಕೆಗೆ ಅದರಿಂದ ಆದ ಪ್ರಯೋಜನವನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಅಳಿವೆಬಾಗಿಲು)

ಬೊಕ್ಕಸದ ಮಾತು ಪೂರ್ತಿ ಸರಿಯಲ್ಲ. ಅಲ್ಲಿ ಕಂಪನಿಯಿಂದ ಹಣ ಬರುವ ದಾರಿಗಳು ಮುಖ್ಯವಾಗಿ ಮೂರು. ದುಡಿಮೆ ಕಳೆದುಕೊಂಡ ವ್ಯಕ್ತಿಗಳಿಗೂ ವ್ಯಾಪಾರಿಗಳಿಗೂ ಕೊಡುವ ಪರಿಹಾರ ಒಂದು. ಹಾಳಾದ ಜೌಗು, ಹಕ್ಕಿ, ಮೀನು ಮುಂತಾದವನ್ನು ಮತ್ತೆ ನೆಲೆಗೊಳಿಸಲು ನೈಸರ್ಗಿಕ ಸಂಪತ್ತಿನ ನಷ್ಟವೆಂದು ಲೆಕ್ಕ ಹಾಕಿ ಪಡೆಯುವುದು ಎರಡನೆಯದು. ಇವೆರಡಕ್ಕೂ 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ತೈಲ ಹಡಗಿನಿಂದಾದ ಸೋರಿಕೆಯ ಬಳಿಕ 1990ರಲ್ಲಿ ಬಂದ ತೈಲ ಮಾಲಿನ್ಯ ಕಾಯ್ದೆಯೇ ಆಧಾರ. ಮೂರನೆಯದು ಶುದ್ಧ ಜಲ ಕಾಯ್ದೆಯ ಪ್ರಕಾರ, ಸೋರಿದ ಒಂದೊಂದು ಬ್ಯಾರೆಲ್ಲಿಗೂ ಇಷ್ಟೆಂದು ವಿಧಿಸುವ ದಂಡ. ಹಳೆಯ ನಿಯಮದಂತೆ ಈ ದಂಡವು ಸಾಮಾನ್ಯ ಬೊಕ್ಕಸಕ್ಕಲ್ಲ, ದೇಶದಲ್ಲಿ ಮುಂದೆ ಎಲ್ಲಿಯೇ ಸೋರಿಕೆಯಾದರೂ ಬಳಸಲೆಂದು ಇರುವ ಪ್ರತ್ಯೇಕ ನಿಧಿಗೆ ಸೇರಬೇಕಿತ್ತು. ಪೆಟ್ಟು ತಿಂದ ಕರಾವಳಿಗೆ ಅದರಲ್ಲಿ ವಿಶೇಷ ಹಕ್ಕೇನೂ ಇರಲಿಲ್ಲ.

ರಿಸ್ಟೋರ್ ಕಾಯ್ದೆ ಬದಲಿಸಿದ್ದು ಈ ಮೂರನೆಯ ದಾರಿಯನ್ನು ಮಾತ್ರ. ದಂಡದ ಶೇಕಡ 80 ಭಾಗ ಕೊಲ್ಲಿಯ ಐದು ರಾಜ್ಯಗಳಿಗಾಗಿ ತೆರೆದ ನಿಧಿಗೆ ಹೋಗಬೇಕೆಂದು ಅದು ಕಟ್ಟುಮಾಡಿತು. ಲೂಸಿಯಾನಾದ ಡೆಮಾಕ್ರಟಿಕ್ ಸೆನೆಟರ್ ಮೇರಿ ಲ್ಯಾಂಡ್ರೂ ಮತ್ತು ಅಲಬಾಮಾದ ರಿಪಬ್ಲಿಕನ್ ಸೆನೆಟರ್ ರಿಚರ್ಡ್ ಶೆಲ್ಬಿ ಜೊತೆಯಾಗಿ ಇದರ ಬೆನ್ನಿಗೆ ನಿಂತರು. ಕೊನೆಗೆ ಹೆದ್ದಾರಿ ಅನುದಾನದ ಮಸೂದೆಯೊಂದರೊಳಗೆ ಸೇರಿಕೊಂಡು, 2012ರ ಜುಲೈ 6ರಂದು ಒಬಾಮಾ ಅವರ ಸಹಿ ಪಡೆಯಿತು. ಕಡಲಿನ ಕಾಯ್ದೆ ರಸ್ತೆಯ ಮೇಲೆ ಬಂದಿತೆಂದು ನಗಬಹುದು, ಆದರೆ ಹಾಗೆ ಬಾರದಿದ್ದರೆ ಬರುತ್ತಲೇ ಇರಲಿಲ್ಲವೇನೋ.

2016ರಲ್ಲಿ ನ್ಯಾಯಾಲಯ ಒಪ್ಪಿದ ಸುಮಾರು 2,080 ಕೋಟಿ ಡಾಲರಿನ ರಾಜಿಯಲ್ಲಿ, ಆ ಬಾವಿ ಕೊರೆಸುತ್ತಿದ್ದ ಬಿಪಿ ಕಂಪನಿಯ ಶುದ್ಧ ಜಲ ದಂಡ 550 ಕೋಟಿ ಡಾಲರ್. ನೌಕೆಯ ಒಡೆಯ ಟ್ರಾನ್ಸೋಷನ್, ಬಾವಿಯ ಪಾಲುದಾರ ಅನಡಾರ್ಕೋ ಕಂಪನಿಗಳ ದಂಡವನ್ನೂ ಕೂಡಿಸಿದರೆ ಈ ಕಾಯ್ದೆಯಿಂದ ಕರಾವಳಿಗೆ ಉಳಿದದ್ದು ಸುಮಾರು 530 ಕೋಟಿ ಡಾಲರ್. ಬಿಪಿಯ ಪಾಲು ಒಂದೇ ಗಂಟಾಗಿ ಬರದೆ ವರ್ಷ ವರ್ಷದ ಕಂತುಗಳಲ್ಲಿ ಬರುತ್ತದೆ. ಇಂಥ ಕಾಯ್ದೆಯನ್ನು ಯಾವ ದೇಶದಲ್ಲೇ ಆಗಲಿ ಬೆಂಬಲಿಸಬೇಕೆಂದೇ ನನ್ನ ಅಭಿಪ್ರಾಯ.

ಉತ್ತರ (ತೇಲುಗುಂಡು)

ಮೇಲಿನವರು ಕೊಟ್ಟ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಮೀನುಗಾರರ ಪ್ರಶ್ನೆ ಹಾಗೆಯೇ ಉಳಿಯಿತು. ನಿಧಿಯ ಶೇಕಡ 35 ಐದು ರಾಜ್ಯಗಳಿಗೆ ಸಮಪಾಲು. ಶೇಕಡ 30 ಕೇಂದ್ರ ಮತ್ತು ರಾಜ್ಯಗಳ ಮಂಡಳಿಗೆ. ಇನ್ನೊಂದು ಶೇಕಡ 30 ಹಾನಿಯ ಪ್ರಮಾಣ ನೋಡಿ ರಾಜ್ಯಗಳಿಗೆ. ಮೀನಿನ ಸಂತತಿಯ ನಿಗಾ ಮತ್ತು ಅಧ್ಯಯನಕ್ಕೆಂದು ಹೆಸರಿಟ್ಟು ಕೊಟ್ಟದ್ದು ಶೇಕಡ ಎರಡೂವರೆ, ಅಂದರೆ ಸುಮಾರು 13 ಕೋಟಿ ಡಾಲರ್. ರಾಜ್ಯಗಳ ಪಾಲಿನಿಂದ ಬಂದರು ಕಟ್ಟಬಹುದು, ಪ್ರವಾಸೋದ್ಯಮ ಬೆಳೆಸಬಹುದು, ಮೀನೂಟಕ್ಕೆ ಪ್ರಚಾರವನ್ನೂ ಕೊಡಬಹುದು. 2010ರ ಜೂನ್ ಆರಂಭದಲ್ಲಿ ಕೊಲ್ಲಿಯ ಕೇಂದ್ರಾಧೀನ ನೀರಿನ ಶೇಕಡ 37ರಷ್ಟು ಭಾಗದಲ್ಲಿ ಬಲೆ ಬೀಸುವುದೇ ನಿಷಿದ್ಧವಾಗಿತ್ತು ಎಂಬುದನ್ನು ನೆನೆದರೆ ಈ ಎರಡೂವರೆ ತೀರ ಕಡಿಮೆ.

ಇನ್ನೂ ಒಂದು ತೊಡಕಿದೆ. ಕರಾವಳಿಯ ಪುನಶ್ಚೇತನ, ಮೀನುಗಾರನ ಪುನಶ್ಚೇತನ ಎರಡೂ ಒಂದೇ ಅಲ್ಲ. ಕೆಲವೊಮ್ಮೆ ಒಂದಕ್ಕೊಂದು ಎದುರಾಗಿಯೂ ನಿಲ್ಲುತ್ತವೆ. ಸೋರಿಕೆಯ ರಾಜಿಯ ಬೇರೆ ಪಾಲುಗಳಿಂದ, ಮಿಸಿಸಿಪ್ಪಿ ನದಿಯ ಹೂಳುನೀರನ್ನು ಲೂಸಿಯಾನಾದ ಬರಟೇರಿಯಾ ಕೊಲ್ಲಿಗೆ ತಿರುಗಿಸಿ ಕರಗುತ್ತಿರುವ ಜೌಗುನೆಲವನ್ನು ಕಟ್ಟುವ ಸುಮಾರು 300 ಕೋಟಿ ಡಾಲರಿನ ಯೋಜನೆ ಸಿದ್ಧವಾಯಿತು. ಸಿಹಿನೀರು ಹೊಕ್ಕರೆ ಆಯ್‌ಸ್ಟರ್ ಸಿಂಪಿಗಳು ಸಾಯುತ್ತವೆ, ಸಿಗಡಿ ದೂರ ಸರಿಯುತ್ತದೆ ಎಂದು ಅಲ್ಲಿನ ಮೀನುಗಾರರು ಮೊದಲಿನಿಂದಲೂ ವಿರೋಧಿಸಿದರು. ಅವರ ಭಯಕ್ಕೆ ಆಧಾರವಿತ್ತು: 2010ರಲ್ಲಿ ತೈಲವನ್ನು ಹೊರಗೆ ತಳ್ಳಲೆಂದು ನದಿಯ ನೀರು ಬಿಟ್ಟಾಗ ಸಿಂಪಿಯ ಹಾಸುಗಳು ಸತ್ತಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. 2023ರಲ್ಲಿ ಆರಂಭವಾದ ಆ ಕಾಮಗಾರಿಯನ್ನು ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಜೌಗು ಇಲ್ಲದೆ ಸಿಗಡಿಯ ಮರಿಗಳಿಗೆ ನೆಲೆಯಿಲ್ಲವೆಂಬ ವಿಜ್ಞಾನಿಗಳ ವಾದವೂ ಸುಳ್ಳಲ್ಲ. ಆದರೆ ಮೂವತ್ತು ವರ್ಷದ ಮೇಲೆ ಬರುವ ಫಲಕ್ಕಾಗಿ ಈ ವರ್ಷ ಸಾಲ ಕೊಟ್ಟು ವಸೂಲಿಗೆ ಬರುವವನನ್ನು ಮೀನುಗಾರ ತಡೆದು ನಿಲ್ಲಿಸಲಾಗದು.

ಪಡುಗಡಲು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಶೇಕಡ ಎರಡೂವರೆಯ ಅಧ್ಯಯನದ ಹಣವನ್ನು ಹೆಚ್ಚಿಸುವುದಕ್ಕಿಂತ ನೇರವಾಗಿ ದೋಣಿಯವರ ಕೈಗೆ ಕೊಡುವುದೇ ಮೇಲಲ್ಲವೇ?

ಉತ್ತರ (ಅಳಿವೆಬಾಗಿಲು)

ಎರಡೂ ಬೇಕು, ಆದರೆ ಅಧ್ಯಯನವನ್ನು ಹಗುರವಾಗಿ ಕಾಣಬೇಡಿ. ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಸೋರಿಕೆಯಾಗಿ ನಾಲ್ಕು ವರ್ಷಗಳ ನಂತರ, 1993ರಲ್ಲಿ, ಪ್ರಿನ್ಸ್ ವಿಲಿಯಂ ಸೌಂಡಿನ ಹೆರಿಂಗ್ ಮೀನು ಕುಸಿದುಬಿದ್ದಿತು. ತೈಲವೇ ಕಾರಣವೋ ರೋಗವೋ ಎಂಬ ವಾದ ಇನ್ನೂ ಮುಗಿದಿಲ್ಲ. ಮೊದಲು ಎಷ್ಟು ಮೀನಿತ್ತು, ಆಮೇಲೆ ಎಷ್ಟಾಯಿತು ಎಂಬ ನಿರಂತರ ದಾಖಲೆ ಇಲ್ಲದಿದ್ದರೆ, ತಡವಾಗಿ ಬಂದ ನಷ್ಟಕ್ಕೆ ಮೀನುಗಾರ ಯಾವ ನ್ಯಾಯಾಲಯದಲ್ಲಿ ಏನನ್ನು ತೋರಿಸುತ್ತಾನೆ? ಅಲ್ಲಿ ಎಕ್ಸಾನ್ ಮೇಲೆ 1994ರಲ್ಲಿ ವಿಧಿಸಿದ 500 ಕೋಟಿ ಡಾಲರಿನ ದಂಡನಾತ್ಮಕ ಪರಿಹಾರ, 2008ರಲ್ಲಿ ಸುಪ್ರೀಂ ಕೋರ್ಟಿನಿಂದ ಹೊರಬರುವಷ್ಟರಲ್ಲಿ ಸುಮಾರು 50 ಕೋಟಿಗೆ ಇಳಿದಿತ್ತು.

ನಮ್ಮ ಕಡೆಗೂ ಇದು ದೂರದ ಮಾತಲ್ಲ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹೊರಗೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದ ಮೇಲೆ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೋರಿ ಹೈಕೋರ್ಟಿಗೆ ಹೋಯಿತು. ಹಣ ಬಂದರೆ ಇಷ್ಟು ಪಾಲು ಕಡಲಿಗೆ, ಇಷ್ಟು ಬಲೆಯವರಿಗೆ ಎಂದು ಮೊದಲೇ ಗೊತ್ತುಮಾಡಿದ ಕಾಯ್ದೆ ನಮ್ಮಲ್ಲಿಲ್ಲ. ಮನವಿ ಬರೆಯುವವರಿದ್ದರೆ, ರಿಸ್ಟೋರ್‌ನ ಶೇಕಡ 80ರ ನಿಯಮವನ್ನು ಕೇಳುವುದರ ಜೊತೆಗೆ ತೇಲುಗುಂಡು ಅವರು ಎತ್ತಿದ ಕೊರತೆಯನ್ನೂ ತುಂಬಿ, ಮೀನುಗಾರರ ಪಾಲನ್ನು ಅಂಕಿಯಲ್ಲಿಯೇ ಬರೆಯುವಂತೆ ಕೇಳಲಿ. ಹಣ ಹಂಚುವ ಮಂಡಳಿಯಲ್ಲಿ ಮೀನುಗಾರರ ಸಹಕಾರಿ ಸಂಘಗಳಿಗೆ ಮತದ ಹಕ್ಕಿರಲಿ ಎಂದೂ ಸೇರಿಸಲಿ. ಕರಡು ಬರೆದು ಇಲ್ಲಿ ಹಾಕಿದರೆ ತಿದ್ದಿಕೊಡಲು ನಾನು ಸಿದ್ಧ.