‘ಏನೋ ಮಾಡ್ಕೊಂಡಿದಾಳೆ’: ಬರವಣಿಗೆಯಲ್ಲಿ ಇದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನ್ನ ಚಿಕ್ಕಮ್ಮನ ಮಗಳು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸಿಸ್ಟರ್. ಹೊಸದಾಗಿ ಸೇರಿದ ನರ್ಸ್‌ಗಳಿಗೆ ಎರಡು ಪುಟದ ಕನ್ನಡ ಟಿಪ್ಪಣಿ ಬರೆದುಕೊಡು ಅಂದಳು. ತಮ್ಮನ್ನು ತಾವೇ ನೋಯಿಸಿಕೊಂಡು ವಾರ್ಡಿಗೆ ಬಂದವರ ಹತ್ತಿರ ಹೇಗೆ ಮಾತಾಡಬೇಕು ಅನ್ನೋದು ವಿಷಯ. ಒಪ್ಪಿಕೊಂಡೆ, ಮೊದಲ ಪದದಲ್ಲೇ ಸಿಕ್ಕಿಬಿದ್ದೆ.

ಸೆಲ್ಫ್ ಹಾರ್ಮ್. ‘ಸ್ವಯಂ ಹಾನಿ’ ಅಂತ ಬರೆಯುವವರಿದ್ದಾರೆ. ಆದರೆ ಹಾನಿ ಅಂದರೆ ಮಲೆನಾಡಿನಲ್ಲಿ ಬೆಳೆಹಾನಿ. ಕೊಳೆ ಬಂದು ಅಡಿಕೆ ಉದುರಿದಾಗ ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ ನೆನಪಾಗುತ್ತದೆ. ‘ಆತ್ಮಹತ್ಯೆ ಯತ್ನ’ ಅನ್ನೋಣ ಅಂದರೆ ಅದು ಬೇರೆಯೇ. ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ, ಉದ್ದೇಶ ಏನೇ ಇರಲಿ, ಗೊತ್ತಿದ್ದೇ ಮಾಡಿಕೊಂಡದ್ದಕ್ಕೆಲ್ಲ ಸೆಲ್ಫ್ ಹಾರ್ಮ್ ಅನ್ನುತ್ತದೆ. ಸಾಯುವ ಮನಸ್ಸಿತ್ತೋ ಇಲ್ಲವೋ ಅಂತ ಪದ ಮೊದಲೇ ತೀರ್ಪು ಕೊಡುವುದಿಲ್ಲ. ನಮ್ಮ ಪದ ಕೊಡುತ್ತದೆ. ಒಳಗೆ ‘ಹತ್ಯೆ’ ಬೇರೆ ಕೂತಿದೆ.

ಜನ ಅನ್ನೋದು, ‘ಏನೋ ಮಾಡ್ಕೊಂಡಿದಾಳೆ.’ ಎಂಥ ಮಾತು ನೋಡಿ! ‘ಏನೋ ಮಾಡಿದಾಳೆ’ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಒಂದು ‘ಕೊಂಡು’ ಸೇರಿದರೆ ಕೇಳಿದವರ ಮುಖ ಬದಲಾಗುತ್ತದೆ. ಆದರೆ ಬರೀ ‘ಕೊಳ್ಳು’ ಸಾಲದು. ನಮ್ಮಮ್ಮ ಪ್ರತಿ ಕೊಯ್ಲಿನಲ್ಲೂ ಅಡಿಕೆ ಸುಲಿಯುತ್ತಾ ‘ಅಯ್ಯೋ, ಬೆರಳು ಕೊಯ್ಕೊಂಡೆ’ ಅಂತಾಳೆ. ಅದು ಮೆಟ್ಟುಗತ್ತಿಯ ಕೆಲಸ. ಹಾಗಾದರೆ ‘ಬೇಕಂತಲೇ’ ಸೇರಿಸೋಣವೇ? ಸೇರಿಸಿದ ಕೂಡಲೇ ಅದು ದೂರುವ ಮಾತಾಗುತ್ತದೆ. ‘ಬೇಕಂತಲೇ ಮಾಡ್ತಾಳೆ’ ಅನ್ನೋದನ್ನು ಹಟಮಾರಿ ಮಕ್ಕಳಿಗೆ ಅಲ್ವಾ ಹೇಳೋದು? ವಾರ್ಡಿನಲ್ಲಿ ಆಗಬಾರದ್ದೇ ಅದು.

ಸದ್ಯಕ್ಕೆ ‘ತನ್ನನ್ನು ತಾನು ನೋಯಿಸಿಕೊಳ್ಳುವುದು’ ಅಂತ ಬರೆದಿದ್ದೇನೆ. ಅರ್ಥ ಸರಿ, ಆದರೆ ಕೇಸ್ ಶೀಟಿನ ಅಂಕಣದಲ್ಲಿ ಹಿಡಿಸುವುದಿಲ್ಲ.

‘ಕೇಸ್’ ಅಂದಾಗ ನೆನಪಾಯಿತು. ಡಾಕ್ಟರು ‘ಈ ಕೇಸ್’ ಅಂದರೆ ಪೇಷೆಂಟ್ ಕಡೆಯವರಿಗೆ ಕೇಳಿಸೋದು ಪೊಲೀಸ್ ಕೇಸು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್) ಅಂದರಂತೂ ‘ಜಾರಿ ಬಿದ್ದಳು’ ಅಂತ ಕಥೆ ಶುರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಎಣಿಸಬೇಕು, ಆರೈಕೆ ಸರ್ಕಾರದ ಹೊಣೆ ಅನ್ನುತ್ತದೆ. ಟಿಪ್ಪಣಿಯಲ್ಲಿ ‘ಕೇಸ್’ ಇದ್ದಲ್ಲೆಲ್ಲ ‘ಪೇಷೆಂಟ್’ ಮಾಡಿದೆ.

ಎರಡನೇ ತೊಡಕು, ಲಿಯಾಸನ್ ನರ್ಸ್. ಬ್ರಿಟನ್ನಿನ ಸಾಮಾನ್ಯ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ನರ್ಸ್ ಅದೇ ವಾರ್ಡಿಗೆ ಬಂದು ಪಕ್ಕ ಕೂರುತ್ತಾರೆ. ಮನೆ, ಸಾಲ, ನಿದ್ದೆ, ಮುಂದೆ ಜೊತೆಗೆ ಯಾರಿದ್ದಾರೆ ಎಲ್ಲ ಮಾತಾಡುತ್ತಾರೆ. ಅಂಕ ಹಾಕಿ ‘ಮತ್ತೆ ಮಾಡಿಕೊಳ್ಳುತ್ತಾರೋ ಇಲ್ಲವೋ’ ಅಂತ ಭವಿಷ್ಯ ಹೇಳಬೇಡಿ ಅಂತ ಆ ನೈಸ್ ಮಾರ್ಗಸೂಚಿಯೇ ಹೇಳುತ್ತದೆ. ‘ಸಂಪರ್ಕ ಶುಶ್ರೂಷಕಿ’ ಅಂದರೆ ಕೊರೊನಾ ಕಾಲದ ‘ಪ್ರಾಥಮಿಕ ಸಂಪರ್ಕ’ದ ಹಾಗಿದೆ. ‘ಆಸರೆ ಸಿಸ್ಟರ್’ ಅಂತ ಬರೆದೆ. ತಂಗಿ ನಕ್ಕಳು. ಸಾಗರದ ಕಡೆ ಮನೆಗೆ ಬಂದವರನ್ನು ‘ಆಸರಿಗೆ (ಕುಡಿಯೋದಕ್ಕೆ) ಎಂತ ಬೇಕು?’ ಅಂತ ಕೇಳ್ತಾರಲ್ಲ, ಇದು ಪಾನಕ ಕೊಡುವ ಸಿಸ್ಟರ್ ಆಗುತ್ತೆ ಅಂದಳು. ನನಗೇನೋ ಅದು ಅಡ್ಡಿ ಅನಿಸಲಿಲ್ಲ.

ಅವಳೇ ಹೇಳಿದ್ದು: ಒಬ್ಬ ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ‘ಯಾಕಮ್ಮ ಹೀಗೆ ಮಾಡ್ಕೊಂಡೆ?’ ಅಂತ ಬಂದವರೆಲ್ಲ ಕೇಳಿ ಹೋಗಿದ್ದರು. ನಮ್ಮಲ್ಲಿ ‘ಯಾಕೆ’ ಅರ್ಧ ಬೈಗುಳವೇ. ತಂಗಿ ಸ್ಟೂಲ್ ಎಳೆದು ಕೂತು, ‘ಗಂಜಿ ಕುಡಿದ್ಯಾ?’ ಅಂದಳಂತೆ. ‘ಉಪ್ಪು ಕಮ್ಮಿ ಇತ್ತು’ ಅಂತ ಉತ್ತರ ಬಂತು.

ಈಗ ನನ್ನ ಪ್ರಶ್ನೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಹಳಬರ ಬಾಯಲ್ಲಿ ಈ ಸೆಲ್ಫ್ ಹಾರ್ಮ್‌ಗೆ ಚಿಕ್ಕದೊಂದು ಮಾತಿದೆಯೇ? ಬೈಗುಳವೂ ಇರಬಾರದು, ಅಯ್ಯೋ ಪಾಪವೂ ಇರಬಾರದು. ಮುಂದಿನ ವಾರ ಜೆರಾಕ್ಸ್‌ಗೆ ಕೊಡಬೇಕು. ಪುಟದ ಕೊನೆಯಲ್ಲಿ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416 ಹಾಕಿದ್ದೇನೆ, ಅದಕ್ಕೆ ಪದ ಹುಡುಕುವ ಕಷ್ಟ ಬರಲಿಲ್ಲ.