ಕ್ವಾಲಿಸ್ ಕ್ರ್ಯಾಂಕ್ ಪುಲ್ಲಿ: ಹೊರಗಿನ ಕಂಪನಿಯದು ಹಾಕಿಸಿದವರು ಇದ್ದೀರಾ?

ಉಣಕಲ್ ಕ್ವಾಲಿಸ್: 2003ರ ಡೀಸೆಲ್ ಕ್ವಾಲಿಸ್. ಕ್ರ್ಯಾಂಕ್ ಪುಲ್ಲಿ, ಅಂದರೆ ಎಂಜಿನ್ನಿನ ಮುಖ್ಯ ದಂಡದ (ಕ್ರ್ಯಾಂಕ್) ತುದಿಯಲ್ಲಿ ಬೆಲ್ಟ್ ಓಡಿಸುವ ಚಕ್ರ, ಅದರ ಒಳಗಿನ ಗುಂಬಕ್ಕೂ ಹೊರಬಳೆಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆ. ಐಡ್ಲಿಂಗ್‌ನಲ್ಲಿ ಹೊರಬಳೆ ಕುಣಿಯುತ್ತದೆ, ಬೆಲ್ಟಿನ ಅಂಚು ಸವೆಯುತ್ತಿದೆ. ಟೊಯೋಟಾದ್ದಲ್ಲದ, ಹೊರಗಿನ ಕಂಪನಿಯ ಪುಲ್ಲಿ ಹಾಕೋಣ ಅಂತಾನೆ ಮಿಸ್ತ್ರಿ. ಅಲ್ಯುಮಿನಿಯಂದು ಮಾಡಿಸು, ಪಿಕಪ್ ಬರುತ್ತದೆ ಅಂತಾನೆ ಗೆಳೆಯ. ಅನುಭವ ಇದ್ದವರು ಹೇಳ್ರೀ.

ಗಬ್ಬೂರು ಬೈಪಾಸ್: ಹೊರಗಿನ ಪುಲ್ಲಿಯ ಹೆಸರೇ ಎತ್ತಬೇಡಿ. 4,200 ಕೊಟ್ಟು ತಂದೆ. ಡಬ್ಬಿ ಮಾತ್ರ ಭಾರಿ ಚೆಂದ. ಒಳತೂತು ಸಡಿಲ, ಕೈಯಿಂದ ತಳ್ಳಿದರೆ ಕ್ರ್ಯಾಂಕಿಗೆ ಹೋಗಿ ಕೂತಿತು. ಅಲ್ಲೇ ಬೇಡ ಅಂದೆ. ಬೋಲ್ಟ್ ಬಿಗಿದರೆ ಕೂರುತ್ತದೆ ಅಂದ ಮಿಸ್ತ್ರಿ. ಅರೆಬೈಲ್ ಘಟ್ಟದಲ್ಲಿ ಮುಂದಿನಿಂದ ಟಕ್ ಟಕ್ ಶುರು. ಬಿಚ್ಚಿ ನೋಡಿದರೆ ಪುಲ್ಲಿ ಜಾರದಂತೆ ಹಿಡಿಯುವ ಕೀ ಕಡಿದು, ಕ್ರ್ಯಾಂಕಿನಲ್ಲಿ ಅದು ಕೂರುವ ಜಾಗವೇ ಅಗಲವಾಗಿತ್ತು. ಲಾರಿ ಮೇಲೆ ಹುಬ್ಬಳ್ಳಿಗೆ 5,500. ಕ್ರ್ಯಾಂಕ್ ಇಳಿಸಿ, ವೆಲ್ಡ್ ತುಂಬಿಸಿ, ಮತ್ತೆ ಕೊರೆಸಿದ್ದು 3,800. ಬಿಚ್ಚಿದ ಮೇಲೆ ಟೈಮಿಂಗ್ ಬೆಲ್ಟ್, ಟೆನ್ಷನರ್ ಬಿಡಲಿಕ್ಕೆ ಆಗುತ್ತದಾ? 3,650. ಆಯಿಲ್ ಸೀಲ್ 280. ಮಜೂರಿ 9,000. ಪುಲ್ಲಿ ಸೇರಿ 26,430 ಆಯಿತು. ಕಡೆಗೆ ಗುಜರಿಯಲ್ಲಿ 1,500ಕ್ಕೆ ಒರಿಜಿನಲ್ ಸಿಕ್ಕಿತು. ಇವತ್ತಿಗೂ ಅದೇ ಓಡುತ್ತಿದೆ.

ಧಾರವಾಡ ಎಸ್ಟೀಮ್: ನಂದು ಮಾರುತಿ ಎಸ್ಟೀಮ್, ಅಲ್ಯುಮಿನಿಯಂ ಪುಲ್ಲಿ, ಯಾರು ಏನೇ ಅಂದರೂ ತೆಗೆಯುವುದಿಲ್ಲ. ಮಾಡಿಸಿದ್ದು 2,600. ಮೊದಲನೆಯದರಲ್ಲಿ ಬೆಲ್ಟ್ ಕೂರುವ ಸಂದಿನ ಕೋನ ತಪ್ಪಿಸಿದ್ದರು, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಓಣಿಯವರೆಲ್ಲ ಏಳುವಷ್ಟು ಚೀರಾಟ. ಇನ್ನೊಂದು ಅಲ್ಯುಮಿನಿಯಂ ಗಟ್ಟಿಗೆ 900, ಮತ್ತೆ ಮಜೂರಿ 700, ಎರಡು ಬೆಲ್ಟ್ ಹಾಳು. ಆದರೆ ಈಗ ಆಕ್ಸಿಲರೇಟರ್ ಮುಟ್ಟಿದರೆ ಸಾಕು. ನಡುವೆ ಬ್ಯಾಟರಿ ಸತ್ತದ್ದು ಡೈನಮೋ ಹಳೇದು ಅಂತ. ಪುಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಗೋಕುಲ ರೋಡ್ ಲೇಥ್: ಸಂಬಂಧ ಇಲ್ಲವಾ? ಪುಲ್ಲಿಯ ವ್ಯಾಸ ಎಷ್ಟು ಇಳಿಸಿದ್ದೀರಿ, ಮೊದಲು ಅದನ್ನು ಹೇಳಿ. ಹಗುರ ಮಾಡುವುದೇ ಬೇರೆ, ಸಣ್ಣದು ಮಾಡುವುದೇ ಬೇರೆ. ಸಣ್ಣದಾದರೆ ಡೈನಮೋ ನಿಧಾನ, ನಿಮ್ಮ ಗಾಡಿಯಲ್ಲಿ ಅದೇ ಬೆಲ್ಟಿನ ವಾಟರ್ ಪಂಪೂ ನಿಧಾನ. ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್, ಎಸಿ ಹಚ್ಚಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. 13.5 ವೋಲ್ಟ್ ಆದರೂ ಬರಬೇಕು. 12.4 ಬಂತು ಅಂದರೆ ಬ್ಯಾಟರಿಯನ್ನೇ ತಿಂದು ಓಡುತ್ತಿದೆ ಅಂತ ಅರ್ಥ. ಹಗುರ ಪುಲ್ಲಿ ಕೇಳಿಕೊಂಡು ಬರುವ ಡೀಸೆಲ್‌ನವರನ್ನು ನಾನು ವಾಪಸ್ ಕಳಿಸುತ್ತೇನೆ. ಒಂದೊಂದು ಸಿಲಿಂಡರ್ ಹೊಡೆದಾಗಲೂ ಕ್ರ್ಯಾಂಕ್ ತಿರುಚಿ ಬಿಡುತ್ತದೆ, ಆ ನಡುಕ ನುಂಗಲಿಕ್ಕೇ ರಬ್ಬರ್ ಮತ್ತು ಆ ಭಾರದ ಬಳೆ ಇಟ್ಟಿರುವುದು. ಬ್ಯಾಲೆನ್ಸ್ ಮಾಡಿಸಿಕೊಳ್ಳುತ್ತೇವೆ ಅನ್ನುತ್ತಾರೆ. ಬ್ಯಾಲೆನ್ಸ್‌ನಿಂದ ತಿರುಚು ಹೋಗುವುದಿಲ್ಲ ರೀ!

ಧಾರವಾಡ ಎಸ್ಟೀಮ್: ನನ್ನ ಗಾಡಿಗೆ ಮೊದಲೂ ರಬ್ಬರ್ ಇರಲಿಲ್ಲ, ಸಾದಾ ಪುಲ್ಲಿ. ಕೇಳದೆ ಪಾಠ ಹೇಳಬೇಡಿ.

ಗೋಕುಲ ರೋಡ್ ಲೇಥ್: ಹಾಗಾದರೆ ರಬ್ಬರ್ ಪುಲ್ಲಿಯ ಕ್ವಾಲಿಸ್‌ನವರಿಗೆ ನಿಮ್ಮ ಅನುಭವ ಯಾಕೆ? ವ್ಯಾಸ ಇನ್ನೂ ಹೇಳಲಿಲ್ಲ.

ಗದಗ ಪೆಟ್ರೋಲ್: ರಬ್ಬರ್ ವಿಷಯ ಬಂತಲ್ಲ, ಹೇಳುತ್ತೇನೆ. ಮಾವನ ಹಳೇ ಪೆಟ್ರೋಲ್ ಗಾಡಿ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವಂಥದ್ದು. ಯಾವ ಗಾಡಿ ಅಂದರೆ ಇಲ್ಲಿ ಇನ್ನೊಂದು ಜಗಳ ಶುರುವಾಗುತ್ತದೆ, ಬೇಡ. ಪ್ಲಗ್ ಕಿಡಿ ಹೊಡೆಯುವ ಹೊತ್ತು ಸರಿ ಇದೆಯಾ ಅಂತ ಪುಲ್ಲಿಯ ಗೀಟಿಗೆ ಟೈಮಿಂಗ್ ಲೈಟ್ ಹಿಡಿದರೆ ಎಲ್ಲ ಸರಿ, ಆದರೆ ಏರು ಬಂದರೆ ಗಾಡಿ ಎಳೆಯುತ್ತಿರಲಿಲ್ಲ. ಕಾರ್ಬ್ಯುರೇಟರ್ ಕಿಟ್ 1,150, ಅದರ ಮಜೂರಿ 800, ಡಿಸ್ಟ್ರಿಬ್ಯೂಟರ್ 3,400, ಪ್ಲಗ್ ವೈರ್ 650. ಒಂದು ಪೈಸೆ ಉಪಯೋಗ ಆಗಲಿಲ್ಲ. ಕೊನೆಗೆ ಒಬ್ಬ ಹಿರಿಯ ಮಿಸ್ತ್ರಿ ಒಂದನೇ ಪ್ಲಗ್ ತೆಗೆದು ತೂತಿನೊಳಗೆ ಕಡ್ಡಿ ಬಿಟ್ಟ. ಪಿಸ್ಟನ್ ಮೇಲೆ ಬಂದಾಗ ಪುಲ್ಲಿಯ ಗೀಟು ಎಲ್ಲೋ ಇತ್ತು. ಹೊರಬಳೆ ರಬ್ಬರ್ ಮೇಲೆ ಜಾರಿತ್ತು, ಗೀಟು ಅದರ ಮೇಲೇ ಅಲ್ವಾ? ಬಳೆ ಜಾರಿದ ಮೇಲೆ ಆ ಗೀಟು ನೋಡಿ ಟೈಮಿಂಗ್ ಇಟ್ಟರೆ ಏನು ಬಂತು? ಅದಕ್ಕೇ ಗುಜರಿ ಮಾಲಿನ ಮೇಲೆ ನನಗೆ ನಂಬಿಕೆ ಇಲ್ಲ. ಅದರ ರಬ್ಬರ್‌ಗೂ ಗಾಡಿಯಷ್ಟೇ ವಯಸ್ಸು. ಹೊಸದೇ ಹಾಕಿಸಿದೆ, ಹೊರಗಿನ ಕಂಪನಿಯದೇ, 6,800. ಒಳತೂತು ಅಳತೆ ಮಾಡಿಸಿಯೇ ದುಡ್ಡು ಕೊಟ್ಟೆ.

ಗಬ್ಬೂರು ಬೈಪಾಸ್: ನನಗೇ ಚುಚ್ಚುತ್ತಿದ್ದೀರಿ ಅಂತ ಗೊತ್ತಾಗುತ್ತದೆ. 1,500ರದು ಓಡುತ್ತಿದೆ ಅಂದೆನಲ್ಲ.

ಗದಗ ಪೆಟ್ರೋಲ್: ಓಡುತ್ತದೆ. ಹೊರಬಳೆಯಿಂದ ಒಳಗಿನ ಗುಂಬದವರೆಗೆ ಚಾಕ್‌ನಲ್ಲಿ ಒಂದು ಗೆರೆ ಎಳೆಯಿರಿ. ಸ್ವಲ್ಪ ದಿನ ಬಿಟ್ಟು ನೋಡಿ, ಗೆರೆ ಮುರಿದಿದ್ದರೆ ಮಾತಾಡೋಣ.

ಹಾವೇರಿ ಜೀಪ್: ಪುಲ್ಲಿ ಯಾವುದಾದರೂ ಇರಲಿ, ತೆಗೆಯುವಾಗ ಹಾತೋಡಿ ಮುಟ್ಟಿಸಬೇಡಿ. ನಂದನ್ನು ಹೊಡೆದು ಹೊಡೆದೇ ತೆಗೆದರು. ಆಮೇಲೆ ಕ್ಲಚ್ ತುಳಿದರೆ ಪುಲ್ಲಿ ಮುಂದೆ ಬರುತ್ತಿತ್ತು. ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಹೋಗಿತ್ತು. 11,000.

ಗಬ್ಬೂರು ಬೈಪಾಸ್: ಹುಬ್ಬಳ್ಳಿಯಲ್ಲಿ ಪುಲ್ಲರ್ (ಪುಲ್ಲಿ ಎಳೆದು ತೆಗೆಯುವ ಸಾಧನ) ಹಾಕದೆ ಯಾರೂ ತೆಗೆಯುವುದಿಲ್ಲ. ಅದು ನಿಮ್ಮ ಕಡೆಯ ಕೆಲಸ.

ಹಾವೇರಿ ಜೀಪ್: ಹೊಡೆದದ್ದು ಹುಬ್ಬಳ್ಳಿಯಲ್ಲೇ ಸಾಹೇಬ್ರೇ. ಇನ್ನೊಬ್ಬರು ಪುಲ್ಲರ್ ಇದೆ ಅಂತ ಮೂರು ಕಾಲಿನದನ್ನು ಹೊರಬಳೆಗೇ ಸಿಕ್ಕಿಸಿ ಎಳೆಯುತ್ತಾರೆ, ಇದ್ದ ರಬ್ಬರ್ ಕೂಡ ಹರಿಯುತ್ತದೆ. ಒಳಗಿನ ಎರಡು ತೂತಿಗೆ ಬೋಲ್ಟ್ ಹಾಕಿ ಎಳೆಯುವಂಥದ್ದು ಬೇಕು.

ಉಣಕಲ್ ಕ್ವಾಲಿಸ್: ಆ ಥರದ ಪುಲ್ಲರ್ ಬಾಡಿಗೆಗೆ ಸಿಗುತ್ತದಾ?

ಗೋಕುಲ ರೋಡ್ ಲೇಥ್: ನನ್ನ ಹತ್ತಿರ ಇದೆ. ಡಿಪಾಸಿಟ್ 1,000, ದಿನಕ್ಕೆ 100.

ಧಾರವಾಡ ಎಸ್ಟೀಮ್: ಒಂದು ಪುಲ್ಲರ್‌ಗೆ ಸಾವಿರ ಡಿಪಾಸಿಟ್! ಅದಕ್ಕೇ ನಿಮ್ಮ ಲೇಥ್‌ಗೆ ನಾನು ಬರಲಿಲ್ಲ.

ಗೋಕುಲ ರೋಡ್ ಲೇಥ್: ವ್ಯಾಸ?